ನೆನಪಿನ ವಸ್ತು ಕೊಳ್ಳುವ ಮೊದಲು ಅದು ಮನೆ ಸೇರುವ ದಾರಿ ನೋಡಿ

ಪ್ರಶ್ನೆ: ಮುಂದಿನ ತಿಂಗಳು ಮನೆಯವರೆಲ್ಲ ಸೇರಿ ವಿದೇಶ ಪ್ರವಾಸ ಹೊರಟಿದ್ದೇವೆ. ಬರುವಾಗ ನಡುವೆ ಒಂದು ಕಡೆ ವಿಮಾನ ಬದಲಿಸಬೇಕು. ಹಿಂದಿನ ಸಲ ಕೊಂಡ ಪಿಂಗಾಣಿ ಹೂಜಿ ಒಡೆದು ಬಂತು, ದೊಡ್ಡ ಶಂಖವೊಂದನ್ನು ಕಸ್ಟಮ್ಸ್‌ನಲ್ಲಿ ತೆಗೆದಿಟ್ಟುಕೊಂಡರು, ಮರದ ಮುಖವಾಡ ಮನೆಗೆ ಬಂದ ಮೇಲೆ ಸೀಳು ಬಿಟ್ಟಿತು. ಈ ಸಲ ಹೀಗಾಗದಂತೆ ಏನು ನೋಡಿ ಕೊಳ್ಳಬೇಕು, ಹೇಗೆ ತರಬೇಕು?

ಉತ್ತರ: ನಿಮ್ಮ ಮೂರು ನಷ್ಟಗಳಲ್ಲಿ ಎರಡನ್ನು ಅಂಗಡಿಯಲ್ಲೇ ತಪ್ಪಿಸಬಹುದಿತ್ತು. ಹೂಜಿಯನ್ನು ಮಾತ್ರ ಪ್ಯಾಕಿಂಗ್ ಉಳಿಸುತ್ತಿತ್ತು. ವಿದೇಶದಲ್ಲಿ ಕೊಂಡ ವಸ್ತು ನಿಮ್ಮ ಮನೆಯ ಕಪಾಟು ಸೇರುವಷ್ಟರಲ್ಲಿ ನಾಲ್ಕು ಕಡೆ ಪಾಸಾಗಬೇಕು: ಆ ದೇಶ ಅದನ್ನು ಹೊರಗೆ ಬಿಡಬೇಕು, ವಿಮಾನದ ಭದ್ರತಾ ತಪಾಸಣೆಯವರು ಬಿಡಬೇಕು, ನಿಮ್ಮ ದೇಶದ ಕಸ್ಟಮ್ಸ್ ಮತ್ತು ಕ್ವಾರಂಟೈನ್ (ರೋಗ, ಕೀಟ ದೇಶದೊಳಗೆ ಬಾರದಂತೆ ತಪಾಸಿಸುವವರು) ಒಳಗೆ ಬಿಡಬೇಕು, ಕೊನೆಗೆ ನಿಮ್ಮ ಊರಿನ ಹವೆಗೆ ಅದು ತಾಳಿಕೊಳ್ಳಬೇಕು. ಆದ್ದರಿಂದ ಬೆಲೆ ಕೇಳುವ ಮೊದಲು ಮೂರು ವಿಷಯ ಕೇಳಿ. ಇದನ್ನು ಯಾವುದರಿಂದ ಮಾಡಿದ್ದು? ಎಷ್ಟು ಹಳೆಯದು? ಇದರೊಳಗೆ ದ್ರವ, ಬ್ಯಾಟರಿ, ಬೀಜ, ಮಣ್ಣು ಏನಾದರೂ ಇದೆಯೇ? ಅಂಗಡಿಯವರು ಕೊಟ್ಟ ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. 'ಹ್ಯಾಂಡಿಕ್ರಾಫ್ಟ್ 1' ಎಂದಷ್ಟೇ ಇರುವ ಬಿಲ್ಲಿನಿಂದ ಕಸ್ಟಮ್ಸ್‌ನಲ್ಲಿ ಏನೂ ಪ್ರಯೋಜನವಿಲ್ಲ. 'ಹೊಸದಾಗಿ ಮಾಡಿದ ತೇಗದ ಆನೆ, 20 ಸೆಂ.ಮೀ.' ಎಂಬ ಒಂದು ಸಾಲು ಅರ್ಧ ಗಂಟೆಯ ವಿಚಾರಣೆ ತಪ್ಪಿಸಬಲ್ಲದು. ಬರೆದುಕೊಡಲು ಒಪ್ಪದ ಅಂಗಡಿಯಲ್ಲಿ ಕೊಳ್ಳದಿರುವುದೇ ಲೇಸು.

ಮೊದಲು ಶಂಖದ ವಿಷಯ. ಹೆಚ್ಚು ಜನ ಗೊತ್ತಿಲ್ಲದೆ ಎಡವುವುದು ಇಲ್ಲಿಯೇ. ಅಳಿವಿನ ಅಂಚಿನ ಪ್ರಾಣಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಒಪ್ಪಂದವಿದೆ. 1973ರಲ್ಲಿ ವಾಷಿಂಗ್ಟನ್ನಿನಲ್ಲಿ ಸಹಿಯಾಗಿ 1975ರಲ್ಲಿ ಜಾರಿಗೆ ಬಂತು. ಪ್ರಪಂಚದ ಬಹುತೇಕ ದೇಶಗಳು ಇದಕ್ಕೆ ಬದ್ಧವಾಗಿವೆ. ಇದರ ಮೊದಲ ಅನುಬಂಧದಲ್ಲಿರುವ ಜೀವಿಗಳಿಂದ ಮಾಡಿದ್ದನ್ನು ಪ್ರವಾಸಿಯೊಬ್ಬರು ನೆನಪಿಗೆಂದು ತರುವ ಹಾಗೇ ಇಲ್ಲ. ಆನೆ ದಂತದ ಬಳೆ, ಹಾಕ್ಸ್‌ಬಿಲ್ ಕಡಲಾಮೆ ಚಿಪ್ಪಿನ ಬಾಚಣಿಗೆ, ಟಿಬೆಟಿನ ಚಿರು ಜಿಂಕೆಯ ತುಪ್ಪಳದ ಶಹತೂಷ್ ಶಾಲು ಎಲ್ಲ ಈ ಗುಂಪಿನವು. ಅಂಗಡಿಯಲ್ಲಿ ಬಹಿರಂಗವಾಗಿ ಮಾರುತ್ತಿದ್ದಾರೆ ಎಂದರೆ ಗಡಿ ದಾಟಿಸಲು ಅನುಮತಿ ಇದೆ ಎಂದಾಗುವುದಿಲ್ಲ. ದೇಶದೊಳಗೆ ಮಾರುವುದಕ್ಕೆ ಒಂದು ಕಾನೂನು, ಹೊರಗೆ ಒಯ್ಯುವುದಕ್ಕೆ ಇನ್ನೊಂದು.

ಎರಡನೇ ಅನುಬಂಧದ ವಸ್ತುಗಳಿಗೆ ಸಾಮಾನ್ಯವಾಗಿ ರಫ್ತು ಪರವಾನಗಿ ಬೇಕು. ಆದರೆ ಸ್ವಂತಕ್ಕೆಂದು ಸ್ವಲ್ಪವೇ ಒಯ್ಯುವವರಿಗೆ ಕೆಲವು ವಸ್ತುಗಳಲ್ಲಿ ವಿನಾಯಿತಿ ಉಂಟು. ಕೆರಿಬಿಯನ್ ಕಡಲಿನ ಗುಲಾಬಿ ತುಟಿಯ ದೊಡ್ಡ ಶಂಖ, ಕ್ವೀನ್ ಕಾಂಚ್, ಒಬ್ಬರಿಗೆ 3. ದೈತ್ಯ ಕಪ್ಪೆಚಿಪ್ಪು 3, ಎಲ್ಲ ಸೇರಿ 3 ಕಿಲೋ ಮೀರಬಾರದು. ಒಣಗಿಸಿದ ಕಡಲ್ಗುದುರೆ 4. ಮೊಸಳೆ ಚರ್ಮದ ಬೆಲ್ಟು, ಪರ್ಸಿನಂಥ ವಸ್ತು 4. ಪಾಪಾಸುಕಳ್ಳಿಯ ಒಣ ಕಾಂಡದಿಂದ ಮಾಡುವ, ಓರೆ ಮಾಡಿದರೆ ಮಳೆಯ ಸದ್ದು ಕೊಡುವ ಮಳೆಕೋಲು 3. ಅಗರು ಮರದ ಚಕ್ಕೆ 1 ಕಿಲೋ, ಅಗರು ತೈಲ 24 ಮಿ.ಲೀ. ಈ ವಿನಾಯಿತಿ ಮೈಮೇಲೆ ಧರಿಸಿದ್ದಕ್ಕೆ, ಕೈಯಲ್ಲಿ ಹಿಡಿದದ್ದಕ್ಕೆ ಮತ್ತು ನಿಮ್ಮದೇ ಬ್ಯಾಗಿನಲ್ಲಿರುವುದಕ್ಕೆ ಮಾತ್ರ. ಅದೇ ಶಂಖವನ್ನು ಅಂಚೆಯಲ್ಲಿ ಕಳಿಸಿದರೆ ಅನ್ವಯಿಸುವುದಿಲ್ಲ. ಕೆಲವು ದೇಶಗಳು ಇದನ್ನೂ ಒಪ್ಪದೆ ಪ್ರತಿಯೊಂದಕ್ಕೂ ಪರವಾನಗಿ ಕೇಳುತ್ತವೆ. ಹಾಗಾಗಿ ಹೊರಡುವ ಮೊದಲು ಎರಡೂ ದೇಶಗಳ ಸೈಟಿಸ್ ಕಚೇರಿಯ ವೆಬ್‌ಸೈಟ್ ನೋಡಿಕೊಳ್ಳುವುದು ಒಳ್ಳೆಯದು. ಹವಳದ ವಿಷಯದಲ್ಲಂತೂ ಜಾತಿ ಗುರುತಿಸುವುದು ಪರಿಣತರಿಗೂ ಕಷ್ಟ, ತಪಾಸಣೆಯಲ್ಲಿ ಅನುಮಾನ ಬಂದರೆ ತೆಗೆದಿಡುತ್ತಾರೆ. ಹವಳ ಬೇಡ ಎಂಬುದು ನಮ್ಮ ಸಲಹೆ.

ಕಡಲತೀರದಲ್ಲಿ ಬಿದ್ದದ್ದನ್ನು ಹೆಕ್ಕಿದರೆ ಯಾರು ಕೇಳುತ್ತಾರೆ ಎನ್ನಬೇಡಿ. ಇಟಲಿಯ ಸಾರ್ಡಿನಿಯದಲ್ಲಿ ಮರಳು, ಬೆಣಚುಕಲ್ಲು, ಕಪ್ಪೆಚಿಪ್ಪು ಒಯ್ಯುವುದನ್ನು 2017ರ ಕಾನೂನು ನಿಷೇಧಿಸಿದೆ. ದಂಡ 500ರಿಂದ 3,000 ಯೂರೊ. ಮಕ್ಕಳು ಜೇಬಿನಲ್ಲಿ ತುಂಬಿಕೊಂಡದ್ದಕ್ಕೂ ದೊಡ್ಡವರೇ ಹೊಣೆ.

ಹಳೆಯ ವಸ್ತು ಇನ್ನೊಂದು ಸೂಕ್ಷ್ಮ ಜಾಗ. ನಾಣ್ಯ, ಹಸ್ತಪ್ರತಿಯ ಹಾಳೆ, ಮಡಕೆಯ ಚೂರು, ದೇವರ ವಿಗ್ರಹ ಇವನ್ನು ಹೊರಗೆ ಒಯ್ಯಲು ಬಹಳ ದೇಶಗಳು ಬಿಡುವುದಿಲ್ಲ. ಟರ್ಕಿ, ಈಜಿಪ್ಟುಗಳಲ್ಲಿ 1983ರಿಂದ ಇದಕ್ಕೆ ಕಠಿಣ ಕಾನೂನಿದೆ, ಸಿಕ್ಕಿಬಿದ್ದವರು ಜೈಲಿಗೂ ಹೋಗಬೇಕಾದೀತು. ಹೊಸ ವಸ್ತುವಾದರೂ ಹಳೆಯದರಂತೆ ಕಂಡರೆ ತೊಂದರೆ ತಪ್ಪಿದ್ದಲ್ಲ. ನೇಪಾಳದಲ್ಲಿ 100 ವರ್ಷ ಮೀರಿದ ಕಲಾವಸ್ತು ಹೊರಗೆ ಹೋಗುವಂತಿಲ್ಲ. ನಿನ್ನೆ ಮೊನ್ನೆ ಎರಕ ಹೊಯ್ದ ಲೋಹದ ಮೂರ್ತಿಗೂ 'ಇದು ಪುರಾತನವಲ್ಲ' ಎಂದು ಅಲ್ಲಿನ ಪುರಾತತ್ವ ಇಲಾಖೆಯ ಮುದ್ರೆ ಹಾಕಿಸಿಕೊಳ್ಳಬೇಕು. ಥಾಯ್ಲೆಂಡಿನಿಂದ ಬುದ್ಧನ ಪ್ರತಿಮೆ ಒಯ್ಯಲು ಅಲ್ಲಿನ ಲಲಿತಕಲಾ ಇಲಾಖೆಯ ಪರವಾನಗಿ ಬೇಕು. ಇಂಥ ಕೆಲಸ ಅಂಗಡಿಯವರೇ ಮಾಡಿಸಿಕೊಡುವುದುಂಟು, ಆದರೆ ದಿನಗಳು ಹಿಡಿಯುತ್ತವೆ. ವಿಗ್ರಹ ಕೊಳ್ಳುವುದಿದ್ದರೆ ಪ್ರವಾಸದ ಕೊನೆಯ ದಿನಕ್ಕೆ ಉಳಿಸಿಕೊಳ್ಳಬೇಡಿ, ಮೊದಲ ದಿನಗಳಲ್ಲೇ ಕೊಳ್ಳಿ.

ಬೀಜ, ಗೆಡ್ಡೆ, ಹಸಿ ಹೂವು, ಮಣ್ಣು ಮೆತ್ತಿದ ಬುಟ್ಟಿ, ಕೂದಲು ಪೂರ್ತಿ ತೆಗೆಯದ ತೊಗಲಿನ ವಾದ್ಯ ಇವೆಲ್ಲ ಕ್ವಾರಂಟೈನ್‌ನವರ ಕಣ್ಣಿಗೆ ಬೀಳುವಂಥವು. ತೊಗಲಿನ ವಾದ್ಯದ ಭಯಕ್ಕೆ ಆಧಾರವಿದೆ: 1974ರಲ್ಲಿ ಹೈಟಿಯಿಂದ ತಂದ ಮೇಕೆ ಚರ್ಮದ ಡ್ರಮ್ಮಿನಿಂದ ಅಮೆರಿಕದ ಫ್ಲೋರಿಡಾದಲ್ಲಿ ಒಬ್ಬರಿಗೆ ಆಂಥ್ರಾಕ್ಸ್ ತಗಲಿತ್ತು. ಅನುಮಾನ ಇದ್ದರೆ ಘೋಷಿಸಿಬಿಡಿ. ಘೋಷಿಸಿದ ವಸ್ತುವನ್ನು ಹೆಚ್ಚೆಂದರೆ ತೆಗೆದಿಡುತ್ತಾರೆ. ಮುಚ್ಚಿಟ್ಟರೆ ದಂಡ ಬೀಳುತ್ತದೆ. ನ್ಯೂಜಿಲೆಂಡಿನಲ್ಲಿ ಅಪಾಯದ ವಸ್ತುವನ್ನು ಘೋಷಿಸದೆ ತಂದವರಿಗೆ ಸ್ಥಳದಲ್ಲೇ 400 ಡಾಲರ್ ದಂಡ, ಮರೆತೆ ಎಂದರೂ ಕೇಳುವುದಿಲ್ಲ.

ಇನ್ನು ಅಸಲಿಯೋ ನಕಲಿಯೋ ಎಂಬ ಪ್ರಶ್ನೆ. ಎಲ್ಲದಕ್ಕೂ ಅಂಗಡಿಯಲ್ಲೇ ಪರೀಕ್ಷೆ ಮಾಡಲಾಗದು, ಕೆಲವಕ್ಕೆ ಆಗುತ್ತದೆ. ಕೈನೇಯ್ಗೆಯ ಗಂಟು ಜಮಖಾನೆಯನ್ನು ತಿರುಗಿಸಿ ನೋಡಿ: ಹಿಂಬದಿಯಲ್ಲೂ ಚಿತ್ತಾರ ಅಷ್ಟೇ ಸ್ಪಷ್ಟವಾಗಿರಬೇಕು, ತುದಿಯ ಕುಚ್ಚು ಹಾಸಿನ ನೂಲೇ ಮುಂದುವರಿದು ಬಂದಿರಬೇಕು. ಕುಚ್ಚನ್ನು ಬೇರೆಯಾಗಿ ಹೊಲಿದಿದ್ದರೆ ಅದು ಯಂತ್ರದ್ದು, ಅಥವಾ ಆಮೇಲೆ ರಿಪೇರಿ ಮಾಡಿದ್ದು. ಬೆಳ್ಳಿಯಲ್ಲಿ 925 (ಸಾವಿರಕ್ಕೆ 925 ಪಾಲು ಬೆಳ್ಳಿ) ಎಂಬ ಮುದ್ರೆ ಹುಡುಕಿ. ಜರ್ಮನ್ ಸಿಲ್ವರ್, ಅಲ್ಪಾಕ ಎಂಬ ಹೆಸರಿನಲ್ಲಿ ಮಾರುವುದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಲೋಹ, ಅದರಲ್ಲಿ ಬೆಳ್ಳಿ ಒಂದು ಚೂರೂ ಇರುವುದಿಲ್ಲ. ಉಣ್ಣೆ ಶಾಲಿನ ಅಂಚಿನಿಂದ ಒಂದು ಎಳೆ ಕಿತ್ತು ಸುಡಲು ಅಂಗಡಿಯವರು ಒಪ್ಪಿದರೆ, ಉಣ್ಣೆ ಮತ್ತು ರೇಷ್ಮೆ ಸುಟ್ಟ ಕೂದಲಿನ ವಾಸನೆ ಕೊಟ್ಟು ಬೆರಳಲ್ಲಿ ಪುಡಿಯಾಗುವ ಬೂದಿ ಬಿಡುತ್ತವೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆದರೆ ಈ ಪರೀಕ್ಷೆಯಿಂದ ಪಶ್ಮಿನವನ್ನೂ ಸಾದಾ ಉಣ್ಣೆಯನ್ನೂ ಬೇರೆ ಮಾಡಲಾಗದು.

ಅಂಬರ್ (ಬಹಳ ಹಿಂದಿನ ಮರದ ಅಂಟು ಗಟ್ಟಿಯಾಗಿ ಆದದ್ದು) ಮಣಿಗಳನ್ನು ಹೋಟೆಲ್ ಕೋಣೆಯಲ್ಲೇ ಪರೀಕ್ಷಿಸಿ ನೋಡಬಹುದು. 250 ಮಿ.ಲೀ. ನೀರಿನಲ್ಲಿ ಸುಮಾರು 60 ಗ್ರಾಂ ಉಪ್ಪು ಪೂರ್ತಿ ಕರಗಿಸಿ, ಲೋಹದ ಕಟ್ಟು ಇಲ್ಲದ ಬಿಡಿ ಮಣಿಯನ್ನು ಹಾಕಿ. ಅಂಬರ್ ತೇಲುತ್ತದೆ. ಗಾಜು, ಬೇಕಲೈಟ್ ಮತ್ತು ಬಹುತೇಕ ಪ್ಲಾಸ್ಟಿಕ್ ಮುಳುಗುತ್ತವೆ. ಇನ್ನೂ ಪೂರ್ತಿ ಪಕ್ವವಾಗದ ಅಂಟಾದ ಕೋಪಲ್ ಕೂಡ ತೇಲುವುದರಿಂದ, ಮುಳುಗಿದರೆ ನಕಲಿ ಎಂದು ಖಾತ್ರಿಯಾಗುತ್ತದೆಯೇ ಹೊರತು ತೇಲಿದ ಮಾತ್ರಕ್ಕೆ ಅಸಲಿ ಎನ್ನಲಾಗದು. ದೊಡ್ಡ ಮೊತ್ತವಾದರೆ ಪ್ರಯೋಗಾಲಯದ ಪ್ರಮಾಣಪತ್ರ ಕೇಳಿ.

ವಿಮಾನದ ತಪಾಸಣೆಗೆ ಬರೋಣ. ಕ್ಯಾಬಿನ್ ಬ್ಯಾಗಿನಲ್ಲಿ ದ್ರವ ಎಂದರೆ ಬಾಟಲಿಗೆ 100 ಮಿ.ಲೀ., ಎಲ್ಲ ಸೇರಿ 1 ಲೀಟರಿನ ಪಾರದರ್ಶಕ ಚೀಲ. ಇದು ಗೊತ್ತಿದ್ದವರೂ ಮರೆಯುವುದೆಂದರೆ ಜೇನು, ಜಾಮ್, ಹಚ್ಚುವ ಮುಲಾಮು, ಒಳಗೆ ಹಿಮ ಸುರಿಯುವ ಗಾಜಿನ ಗೋಲ ಎಲ್ಲವೂ ದ್ರವದ ಲೆಕ್ಕಕ್ಕೇ ಬರುತ್ತವೆ ಎಂಬುದು. ಹೊಸ ಸ್ಕ್ಯಾನರ್ ಬಂದ ಕೆಲವು ನಿಲ್ದಾಣಗಳು ಮಿತಿ ಸಡಿಲಿಸಿವೆ. ನಿಮಗೆ ಅದರಿಂದ ಲಾಭವಿಲ್ಲ, ಏಕೆಂದರೆ ವಿಮಾನ ಬದಲಿಸುವಲ್ಲಿ ಮತ್ತೆ ತಪಾಸಣೆಯಾದರೆ ಅಲ್ಲಿನ ನಿಯಮವೇ ನಡೆಯುತ್ತದೆ. ಡ್ಯೂಟಿ ಫ್ರೀ ಅಂಗಡಿಯ ಬಾಟಲಿಯನ್ನು ಕೆಂಪು ಅಂಚಿನ ಮೊಹರು ಚೀಲದಲ್ಲಿ, ಬಿಲ್ಲು ಒಳಗೆ ಕಾಣುವಂತೆ ಹಾಕಿಕೊಡುತ್ತಾರೆ. ಕೊನೆಯ ನಿಲ್ದಾಣದಿಂದ ಹೊರಬರುವವರೆಗೆ ಅದನ್ನು ಬಿಚ್ಚಬೇಡಿ. ನಡುವೆ ಒಮ್ಮೆ ಬಿಚ್ಚಿದಿರೋ, ಬಾಟಲಿ ಕಸದ ಬುಟ್ಟಿಗೆ.

ಚೆಕ್-ಇನ್ ಸಾಮಾನಿಗೂ ಮಿತಿಗಳಿವೆ. ಶೇ 24ರಿಂದ 70ರವರೆಗೆ ಆಲ್ಕೊಹಾಲ್ ಇರುವ ಮದ್ಯ ಒಬ್ಬರಿಗೆ 5 ಲೀಟರ್, ಅದೂ ಅಂಗಡಿಯ ಮೂಲ ಬಾಟಲಿಯಲ್ಲೇ. 70 ಮೀರಿದ್ದು ವಿಮಾನಕ್ಕೇ ಹತ್ತುವಂತಿಲ್ಲ. ಸುಗಂಧ ದ್ರವ್ಯ, ಸ್ಪ್ರೇ ಮೊದಲಾದವು ಒಂದೊಂದು 500 ಮಿ.ಲೀ. ಒಳಗೆ, ಎಲ್ಲ ಸೇರಿ 2 ಲೀಟರ್ ಒಳಗೆ ಇರಬೇಕು. ಬಿಡಿ ಬ್ಯಾಟರಿ, ಪವರ್ ಬ್ಯಾಂಕ್‌ಗಳನ್ನು ಚೆಕ್-ಇನ್ ಬ್ಯಾಗಿಗೆ ಹಾಕಲೇಬಾರದು, ಕೈಚೀಲದಲ್ಲಿ ಒಯ್ಯಬೇಕು. 100 ವ್ಯಾಟ್-ಅವರ್ ಮೀರಿದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಅಲಂಕಾರದ ಕತ್ತಿ, ಬಾಣ, ಭಾರದ ಲೋಹದ ಮೂರ್ತಿ ಕ್ಯಾಬಿನ್ನಿಗೆ ಬೇಡ. ಆಟಿಕೆ ಪಿಸ್ತೂಲು ಮತ್ತು ಗುಂಡಿನ ಆಕಾರದ ಕೀಚೈನ್ ಹತ್ತು ರೂಪಾಯಿಯದೇ ಇರಲಿ, ತಪಾಸಣೆಯ ಸಾಲನ್ನೇ ನಿಲ್ಲಿಸಿಬಿಡುತ್ತವೆ.

ಈಗ ಒಡೆದ ಹೂಜಿ. ಪಿಂಗಾಣಿ ಎತ್ತರದಿಂದ ಬಿದ್ದಾಗ ಮಾತ್ರ ಒಡೆಯುತ್ತದೆ ಎಂದುಕೊಂಡು ಜನ ಸುತ್ತ ಒಂದು ಟವೆಲ್ ಸುತ್ತಿ ಸುಮ್ಮನಾಗುತ್ತಾರೆ. ನಿಜಕ್ಕೂ ಒಡೆಯುವುದು ಮೂರು ಕಾರಣಕ್ಕೆ: ವಸ್ತು ಬ್ಯಾಗಿನೊಳಗೆ ಅಲುಗಾಡುವುದು, ಒಂದೇ ಬಿಂದುವಿನ ಮೇಲೆ ಭಾರ ಬೀಳುವುದು, ಎರಡು ಪಿಂಗಾಣಿಗಳು ನೇರವಾಗಿ ತಗಲುವುದು. ಹಿಡಿ, ಮೂತಿ, ಕಿವಿಯಂಥ ಚಾಚಿಕೊಂಡ ಭಾಗಗಳೇ ಮೊದಲು ಹೋಗುತ್ತವೆ.

ಮೊದಲು ಬಿಳಿ ತೆಳುಕಾಗದದ ಒಂದು ಸುತ್ತು. ಗುಳ್ಳೆ ಪ್ಲಾಸ್ಟಿಕ್ಕನ್ನು ನೇರವಾಗಿ ಸುತ್ತಿದರೆ ಬಣ್ಣ ಮತ್ತು ಅರಗಿನ ಮೆರುಗಿನ ಮೇಲೆ ಗುಳ್ಳೆಗಳ ಅಚ್ಚು ಮೂಡುತ್ತದೆ, ಸುದ್ದಿಪತ್ರಿಕೆಯ ಶಾಯಿ ಮೆರುಗಿಲ್ಲದ ಮಣ್ಣಿಗೆ ಹತ್ತುತ್ತದೆ. ಮುಚ್ಚಳವನ್ನು ತೆಗೆದು ಬೇರೆಯಾಗಿ ಸುತ್ತಿ. ಹೂಜಿಯ ಹೊಟ್ಟೆಯೊಳಗೆ ಕಾಲುಚೀಲ, ಒಳಉಡುಪು ತುಂಬಿ, ಬಿಗಿಯಾಗಿ ತುರುಕಬೇಡಿ. ಹಿಡಿಕೆಯ ಸಂದಿನಲ್ಲಿ ಸುರುಳಿ ಮಾಡಿದ ಕಾಗದ ಇಟ್ಟು ಅದು ಹೊಟ್ಟೆಯ ಮಟ್ಟಕ್ಕೆ ಬರುವಂತೆ ಮಾಡಿ, ಆಗ ಭಾರ ಹಿಡಿಕೆಯೊಂದರ ಮೇಲೆಯೇ ಬೀಳುವುದಿಲ್ಲ. ಆಮೇಲೆ ಗುಳ್ಳೆ ಪ್ಲಾಸ್ಟಿಕ್ ಎರಡು ಸುತ್ತು, ನಂತರ ಗಟ್ಟಿ ರಟ್ಟಿನ ಡಬ್ಬಿ. ಡಬ್ಬಿಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಸದ್ದು ಬಂದರೆ ಇನ್ನೂ ತುಂಬಬೇಕು. ಆ ಡಬ್ಬಿ ಸೂಟ್‌ಕೇಸಿನ ನಡುಮಧ್ಯೆ ಇರಲಿ, ಆರೂ ಬದಿಗೆ ಕನಿಷ್ಠ 5 ಸೆಂ.ಮೀ. ದಪ್ಪ ಬಟ್ಟೆ ಬರಲಿ. ಚಕ್ರದ ಬದಿ ಮತ್ತು ಎಳೆಯುವ ಹಿಡಿಯ ಸರಳುಗಳು ಹಾದುಹೋಗುವ ಬದಿಯಲ್ಲಿ ಏಟು ಜಾಸ್ತಿ, ಅಲ್ಲಿ ಇಡಬೇಡಿ. ತಟ್ಟೆಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ರಟ್ಟು ಹಾಕಿ. ಮಲಗಿಸಿದ ತಟ್ಟೆಗಳಲ್ಲಿ ಮೇಲಿನವುಗಳ ಭಾರವೆಲ್ಲ ಕೆಳಗಿನದರ ನಡುವಿಗೆ ಬೀಳುತ್ತದೆ.

ಬಾಟಲಿಗಳು ಸೋರುವುದಕ್ಕೆ ಕಾರಣ ಗಾಳಿಯ ಒತ್ತಡ. ಹಾರುವಾಗ ವಿಮಾನದೊಳಗಿನ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿಯಬಹುದು, ಆಗ ಬಾಟಲಿಯೊಳಗಿನ ಗಾಳಿ ಹಿಗ್ಗಿ ದ್ರವವನ್ನು ಬಿರಡೆಯ ಸಂದಿನಿಂದ ತಳ್ಳುತ್ತದೆ. ಮುಚ್ಚಳ ತೆಗೆದು ಬಾಯಿಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು ಮತ್ತೆ ತಿರುಗಿಸಿ ಮುಚ್ಚಿ, ಎರಡು ಜಿಪ್ ಚೀಲಗಳಲ್ಲಿ ಒಂದರೊಳಗೊಂದು ಹಾಕಿ. ಅಂಗಡಿಯ ಸೀಲು ಇರುವ ಬಾಟಲಿಯನ್ನು ತೆರೆಯದೆ ಜಿಪ್ ಚೀಲಕ್ಕೆ ಹಾಕಿದರೆ ಸಾಕು.

ಭಾರದ ಲೋಹ, ಕಲ್ಲು ಎಕ್ಸ್-ರೇಯಲ್ಲಿ ಕಪ್ಪಾಗಿ ಕಾಣುವುದರಿಂದ ಬ್ಯಾಗು ತೆರೆದು ನೋಡುವ ಸಾಧ್ಯತೆ ಹೆಚ್ಚು. ತಪಾಸಣೆಯವರು ನಿಮ್ಮಷ್ಟು ಮುತುವರ್ಜಿಯಿಂದ ಮತ್ತೆ ಕಟ್ಟುವುದಿಲ್ಲ. ಹತ್ತು ಸುತ್ತು ಟೇಪ್ ಬಿಗಿಯುವ ಬದಲು ಒಂದೇ ಪಟ್ಟಿ ಹಾಕಿ, ತುದಿಯನ್ನು ಮಡಿಸಿ ಬಿಡಿ, ಸುಲಭವಾಗಿ ಬಿಚ್ಚಿ ಮುಚ್ಚುವಂತಿರಲಿ. ಚಿತ್ರಪಟವಾದರೆ ಬಣ್ಣದ ಬದಿ ಹೊರಗೆ ಬರುವಂತೆ 10 ಸೆಂ.ಮೀ.ಗೂ ಅಗಲದ ಕೊಳವೆಗೆ ಸುರುಳಿ ಸುತ್ತಬೇಕು. ಬಣ್ಣ ಒಳಗಾಗಿ ಸುತ್ತಿದರೆ ಪದರ ಮುದುಡಿ ಬಿರುಕು ಬಿಡುತ್ತದೆ. ದಪ್ಪಗೆ ಹಚ್ಚಿದ ತೈಲವರ್ಣ ಒಳಗೆ ಒಣಗಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಅದನ್ನು ಸುತ್ತಬಾರದು.

ನಿಮ್ಮ ಮುಖವಾಡ ಸೀಳಿದ್ದು ಬಹುಶಃ ಹಸಿ ಮರದ್ದಾಗಿದ್ದರಿಂದ. ತೇವದ ಹವೆಯ ಊರಿನಲ್ಲಿ ಬೇಗ ಕೆತ್ತಿ ಮಾರುವ ಮರ, ಒಣ ಹವೆಗೆ ಬಂದೊಡನೆ ಹೊರಗಿನಿಂದ ಕುಗ್ಗುತ್ತದೆ. ಒಳಗೆ ಇನ್ನೂ ತೇವವಿರುತ್ತದೆ, ನಾರಿನ ಉದ್ದಕ್ಕೆ ಸೀಳುತ್ತದೆ. ಕೊಳ್ಳುವಾಗ ಕೈಯಲ್ಲಿ ತೂಗಿ ನೋಡಿ: ಗಾತ್ರಕ್ಕೆ ಮೀರಿದ ಭಾರ, ಮುಟ್ಟಿದರೆ ತಣ್ಣನೆ, ಅಡ್ಡ ಕೊಯ್ದ ತುದಿಯಲ್ಲಿ ಕೂದಲೆಳೆ ಬಿರುಕು ಇವು ಮೂರೂ ಹಸಿಮರದ ಗುರುತು. ತಂದ ಮೇಲೆ ಏಸಿ, ಹೀಟರ್ ಮತ್ತು ಬಿಸಿಲಿನಿಂದ ದೂರ, ಬಟ್ಟೆಯಲ್ಲಿ ಸುತ್ತಿ ಒಂದೆರಡು ತಿಂಗಳು ಇಟ್ಟು ನಿಧಾನಕ್ಕೆ ತೆರೆಯಿರಿ.

ಕೈಯಲ್ಲಿ ಒಯ್ಯಲಾಗದ್ದನ್ನು 'ನಾವೇ ಕಳಿಸಿಕೊಡುತ್ತೇವೆ' ಎನ್ನುವ ಅಂಗಡಿಗಳಿವೆ. ಒಪ್ಪುವ ಮೊದಲು ಕೊರಿಯರ್ ಹೆಸರು, ಟ್ರ್ಯಾಕಿಂಗ್, ವಿಮೆಯ ಮೊತ್ತ, ತಲುಪಿದ ಮೇಲಿನ ಸುಂಕ ಯಾರು ಕಟ್ಟುವುದು ಎಂಬುದನ್ನು ಬರಹದಲ್ಲಿ ಪಡೆಯಿರಿ. ಜಮಖಾನೆಯ ಹಿಂಬದಿ ಮೂಲೆಯಲ್ಲಿ ಸಹಿ ಹಾಕಿ ಫೋಟೊ ತೆಗೆದಿಟ್ಟುಕೊಂಡರೆ ಬೇರೆ ಜಮಖಾನೆ ಬರುವ ಭಯವಿಲ್ಲ. ಸುಂಕ ಉಳಿಸಲು ಬೆಲೆ ಕಡಿಮೆ ಬರೆಯುತ್ತೇವೆ ಎಂದರೆ ಬೇಡವೆನ್ನಿ. ಅದು ಕಾನೂನು ಉಲ್ಲಂಘನೆ, ಸಾಲದ್ದಕ್ಕೆ ಸಾಮಾನು ಕಳೆದರೆ ವಿಮೆಯೂ ಆ ಕಡಿಮೆ ಬೆಲೆಗೇ ಸಿಗುತ್ತದೆ. ಮರದ ಪೆಟ್ಟಿಗೆಯಲ್ಲಿ ಕಳಿಸುವುದಾದರೆ ಅದರ ಮೇಲೆ ತೆನೆಯ ಚಿತ್ರವಿರುವ ಐಎಸ್‌ಪಿಎಂ 15 (ಮರದ ಪ್ಯಾಕಿಂಗಿನಿಂದ ಕೀಟ ಹರಡದಂತೆ ಇರುವ ಅಂತರರಾಷ್ಟ್ರೀಯ ಮಾನದಂಡ) ಮುದ್ರೆ ಇರಲೇಬೇಕು. ಪಕ್ಕದಲ್ಲಿ 'ಎಚ್‌ಟಿ' ಎಂದಿದ್ದರೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಬಿಸಿಯಾಗಿದೆ ಎಂದರ್ಥ. ಮುದ್ರೆ ಇಲ್ಲದ ಪೆಟ್ಟಿಗೆಯನ್ನು ಬಂದರಿನಲ್ಲೇ ತಡೆದು ವಾಪಸು ಕಳಿಸಬಹುದು, ಸುಟ್ಟೂಬಿಡಬಹುದು.

ತೆರಿಗೆ ಮರುಪಾವತಿ ಸಣ್ಣ ಮೊತ್ತವೇನಲ್ಲ. ಯುರೋಪಿಯನ್ ಒಕ್ಕೂಟದ ಹೊರಗೆ ವಾಸಿಸುವವರು ಅಲ್ಲಿ ಕೊಂಡ ವಸ್ತುವನ್ನು, ಕೊಂಡ ತಿಂಗಳು ಮುಗಿದ ಮೇಲೆ ಮೂರು ತಿಂಗಳೊಳಗೆ ಹೊರಗೆ ಒಯ್ದರೆ ವ್ಯಾಟ್ ವಾಪಸು ಪಡೆಯಬಹುದು. ಒಂದು ಅಂಗಡಿಯಲ್ಲಿ ಕೊಳ್ಳಬೇಕಾದ ಕನಿಷ್ಠ ಮೊತ್ತ ದೇಶದಿಂದ ದೇಶಕ್ಕೆ ಬೇರೆ. ಅಂಗಡಿಯಲ್ಲೇ ಪಾಸ್‌ಪೋರ್ಟ್ ತೋರಿಸಿ ಫಾರ್ಮ್ ಪಡೆಯಿರಿ. ಕಸ್ಟಮ್ಸ್ ಮುದ್ರೆ ಒಕ್ಕೂಟ ಬಿಡುವ ಕೊನೆಯ ನಿಲ್ದಾಣದಲ್ಲಿ ಬೀಳಬೇಕು, ಅವರು ವಸ್ತುವನ್ನು ತೋರಿಸಿ ಎನ್ನಬಹುದು. ಹಾಗಾಗಿ ಮುದ್ರೆ ಮೊದಲು, ಬ್ಯಾಗ್ ಚೆಕ್-ಇನ್ ಆಮೇಲೆ. ವ್ಯಾಟ್ ದರ ಶೇ 20 ಎಂದರೆ 120 ಯೂರೊ ಬೆಲೆಯಲ್ಲಿ 20 ತೆರಿಗೆ, ಅಂದರೆ ಕೊಟ್ಟ ಹಣದ ಶೇ 16.67. ಮಧ್ಯವರ್ತಿ ಕಂಪನಿಯ ಶುಲ್ಕ ಕಳೆದು ಅದಕ್ಕೂ ಕಡಿಮೆ ಕೈಗೆ ಬರುತ್ತದೆ. ಗ್ರೇಟ್ ಬ್ರಿಟನ್ನಿನಲ್ಲಿ ಈ ಸೌಲಭ್ಯ 2021ರ ಜನವರಿ 1ರಿಂದ ಇಲ್ಲ. ಕಾರ್ಡ್ ಉಜ್ಜುವಾಗ 'ನಿಮ್ಮ ದೇಶದ ಹಣದಲ್ಲಿ ಕೊಡುತ್ತೀರಾ' ಎಂದು ಯಂತ್ರ ಕೇಳಿದರೆ ಬೇಡ ಎನ್ನಿ. ಸ್ಥಳೀಯ ಹಣದಲ್ಲಿ ಕೊಟ್ಟರೆ ವಿನಿಮಯ ದರ ಸಾಮಾನ್ಯವಾಗಿ ಉತ್ತಮ.

ನಿಮ್ಮ ದೇಶಕ್ಕೆ ಇಳಿದಾಗ ಸುಂಕವಿಲ್ಲದ ಮಿತಿ ಎಷ್ಟೆಂದು ಹೊರಡುವ ಮೊದಲೇ ನೋಡಿಟ್ಟುಕೊಳ್ಳಿ. ಎಲ್ಲ ಬಿಲ್ಲುಗಳು ಕೈಚೀಲದಲ್ಲಿರಲಿ. ಮೀರಿದ್ದರೆ ಸುಂಕದ ವಸ್ತು ಘೋಷಿಸುವ ಕೆಂಪು ಚಾನೆಲ್ಲಿಗೇ ಹೋಗಿ.

ಬ್ಯಾಗು ಜಜ್ಜಿ ಬಂದಿದ್ದರೆ ನಿಲ್ದಾಣ ಬಿಡುವ ಮೊದಲೇ ವಿಮಾನ ಸಂಸ್ಥೆಯ ಕೌಂಟರಿನಲ್ಲಿ ವರದಿ ಬರೆಸಿ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಾನಿಯ ದೂರನ್ನು ಬ್ಯಾಗ್ ಕೈಸೇರಿದ 7 ದಿನಗಳೊಳಗೆ ಲಿಖಿತವಾಗಿ ಕೊಡಬೇಕು. ಆದರೆ ವಸ್ತುವಿನದೇ ದೋಷ ಅಥವಾ ಗುಣದಿಂದ ಹಾನಿಯಾಗಿದ್ದರೆ ಸಂಸ್ಥೆ ಹೊಣೆಯಲ್ಲ ಎಂಬ ಮಾತೂ ಆ ಒಪ್ಪಂದದಲ್ಲಿದೆ. ಸರಿಯಾಗಿ ಕಟ್ಟದ ಪಿಂಗಾಣಿಗೆ ಪರಿಹಾರ ಸಿಗದಿರುವುದು ಹೆಚ್ಚಾಗಿ ಈ ಕಾರಣಕ್ಕೆ. ಕಟ್ಟುವಾಗ ಹಂತ ಹಂತಕ್ಕೆ ಫೋಟೊ ತೆಗೆದಿಟ್ಟಿದ್ದರೆ ವಾದಿಸಲು ಆಧಾರವಿರುತ್ತದೆ.

ಮನೆಗೆ ಬಂದ ಮೇಲೆ ಎರಡು ಕೆಲಸ ಬಾಕಿ. ಮರ, ಬಿದಿರು, ಬುಟ್ಟಿಗಳನ್ನು ಬಿಳಿ ಹಾಳೆಯ ಮೇಲೆ ಕೆಲವು ವಾರ ಇಡಿ. ಹಾಳೆಯ ಮೇಲೆ ಹಿಟ್ಟಿನಂಥ ಪುಡಿ ಬಿದ್ದರೆ ಒಳಗೆ ಕೊರೆಯುವ ಹುಳ ಇದೆ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದು ಒಂದು ದಿನ ಕಳೆದು ಚೀಲ ಬಿಚ್ಚಿ, ಇಲ್ಲದಿದ್ದರೆ ತಣ್ಣಗಿನ ಮರದ ಮೇಲೆ ನೀರು ಕೂರುತ್ತದೆ. ಅರಗಿನ ಕೆಲಸ, ಚಿನ್ನದ ರೇಕು, ಬಣ್ಣ ಹಚ್ಚಿದ ಮರಕ್ಕೆ ಈ ಉಪಾಯ ಬೇಡ, ಮೆರುಗು ಬಿರಿಯಬಹುದು.

ಇನ್ನೊಂದು, ಕೈಯಿಂದ ಮಾಡಿದ ಪಿಂಗಾಣಿ ಮತ್ತು ಮಣ್ಣಿನ ಪಾತ್ರೆಗಳ ಮೆರುಗಿನಲ್ಲಿ ಸೀಸ ಇರಬಹುದು. ಕಡಿಮೆ ಬಿಸಿಯಲ್ಲಿ ಸುಟ್ಟ, ಗಾಢ ಹಳದಿ, ಕಿತ್ತಳೆ, ಕೆಂಪು ಬಣ್ಣದವುಗಳಲ್ಲಿ ಅನುಮಾನ ಜಾಸ್ತಿ. ಹುಳಿ ಪದಾರ್ಥ ಸೀಸವನ್ನು ಬಿಡಿಸಿಕೊಳ್ಳುತ್ತದೆ, ಬಿಸಿ ಮತ್ತು ಹೆಚ್ಚು ಹೊತ್ತು ಇಡುವುದು ಅದನ್ನು ಇನ್ನೂ ಹೆಚ್ಚಿಸುತ್ತವೆ. ಪ್ರಯೋಗಾಲಯದಲ್ಲಿ ಪಾತ್ರೆಗೆ ಶೇ 4ರ ಅಸಿಟಿಕ್ ಆಮ್ಲ ತುಂಬಿ 24 ಗಂಟೆ ಇಟ್ಟು, ಎಷ್ಟು ಸೀಸ ಬಿಟ್ಟಿದೆ ಎಂದು ಅಳೆಯುತ್ತಾರೆ. ಮನೆಯಲ್ಲಿ ಉಜ್ಜಿ ನೋಡುವ ಕಡ್ಡಿ ಬಣ್ಣ ಬದಲಿಸದಿದ್ದರೂ ಸೀಸ ಇಲ್ಲವೆಂದು ನಂಬಲಾಗದು. ಊಟಕ್ಕೆ ಬಳಸಬಹುದು ಎಂದು ತಯಾರಕರು ಸ್ಪಷ್ಟವಾಗಿ ಬರೆದುಕೊಟ್ಟಿರದ ಬಟ್ಟಲಿನಲ್ಲಿ ಮಕ್ಕಳಿಗೆ ಏನನ್ನೂ ಬಡಿಸಬೇಡಿ, ಗೋಡೆಗೆ ತೂಗುಹಾಕಿ.